ಅಂಜೂರ: ಯಾವ ಗಿಡ, ಯಾವ ಆಕಾರ, ಯಾವ ತಿಂಗಳಲ್ಲಿ ಕತ್ತರಿ?

ಹಿರಿಯೂರು ಸೀಮೆಯ ನಮ್ಮ ಹಿತ್ತಲಲ್ಲಿ ಎರಡು ಅಂಜೂರದ ಗಿಡಗಳಿವೆ. ಒಂದು ಬಾವಿ ಪಕ್ಕ, ಇನ್ನೊಂದು ಕೊಟ್ಟಿಗೆ ಪಕ್ಕ. ಎರಡೂ ಒಂದೇ ತಾಯಿಗಿಡದ ಕಡ್ಡಿಗಳು. ಒಂದೇ ದಿನ ನೆಟ್ಟಿದ್ದು, ಒಂದೇ ನೀರು, ಒಂದೇ ತಿಪ್ಪೆಯ ಗೊಬ್ಬರ. ಆದರೂ ಈಗ ನೋಡಿದವರು ಎರಡು ಬೇರೆ ತಳಿ ಅಂದುಕೊಳ್ಳುತ್ತಾರೆ. ಬಾವಿ ಪಕ್ಕದ್ದು ಬಟ್ಟಲಿನ ಹಾಗೆ ಹರಡಿಕೊಂಡಿದೆ, ನಿಂತಲ್ಲೇ ಕೈಗೆ ಹಣ್ಣು ಸಿಗುತ್ತದೆ. ಕೊಟ್ಟಿಗೆ ಪಕ್ಕದ್ದು ಹಂಚಿನ ಮಟ್ಟ ದಾಟಿ ಮೇಲೆ ಹೋಗಿದೆ. ಅದರ ಹಣ್ಣು ಹೆಚ್ಚಾಗಿ ಪಿಕಳಾರಗಳಿಗೆ, ಅಳಿಲುಗಳಿಗೆ.

ವ್ಯತ್ಯಾಸ ಮಾಡಿದ್ದು ಕತ್ತರಿ. ಅದಕ್ಕೇ ಅಂಜೂರ ಬೆಳೆಸಬೇಕು ಅಂತ ಕೇಳುವವರೆಲ್ಲ 'ಯಾವ ತಳಿ ತರಲಿ' ಅಂತ ಶುರು ಮಾಡಿದಾಗ ನಾನು ಮೊದಲು ಕೇಳುವುದು, 'ನಿಮಗೆ ಯಾವ ತಿಂಗಳಲ್ಲಿ ಹಣ್ಣು ಬೇಕು?' ಅಂತ. ಆ ತಿಂಗಳಿಂದ ಹಿಂದಕ್ಕೆ ಎಣಿಸಿದರೆ ಯಾವಾಗ ಸವರಬೇಕು ಅನ್ನುವುದು ಸಿಗುತ್ತದೆ. ಯಾವಾಗ, ಎಷ್ಟು ಸವರಬೇಕು ಅಂತ ಗೊತ್ತಾದರೆ ಗಿಡದ ಆಕಾರ, ಜಾಗ, ತಳಿ ಎಲ್ಲ ಆಮೇಲೆ ತಾವಾಗಿ ಕೂಡಿಬರುತ್ತವೆ.

ಹಣ್ಣು ಬರುವ ಜಾಗ

ಅಂಜೂರದ ಕಾಯಿ ಎಲೆಯ ಕಂಕುಳಲ್ಲಿ ಮೂಡುತ್ತದೆ. ಮುಖ್ಯ ಫಸಲು ಬರುವುದು ಹೊಸ ಚಿಗುರಿನ ಮೇಲೆ. ಹೋದ ವರ್ಷದ ಕಡ್ಡಿಯ ಮೇಲೂ ಒಂದಿಷ್ಟು ಕಾಯಿ ಬರಬಹುದು, ಆದರೆ ಅದು ಸ್ವಲ್ಪವೇ. ಮಾವಿನ ಲೆಕ್ಕ ಇದಕ್ಕೆ ನಡೆಯುವುದಿಲ್ಲ. ಮಾವಿಗೆ ಬಲಿತ ಕೊಂಬೆಯ ತುದಿಯಲ್ಲಿ ಹೂವು, ತುದಿ ಕತ್ತರಿಸಿದರೆ ಆ ವರ್ಷದ ಹೂವು ಹೋಯಿತು. ಅಂಜೂರ ದ್ರಾಕ್ಷಿಯ ಹಾಗೆ. ಸವರಿದರೆ ಚಿಗುರು, ಚಿಗುರಿದರೆ ಕಾಯಿ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರು ಚಾಟ್ನಿ ಅನ್ನುತ್ತಾರಲ್ಲ, ಅದೇ ಕೆಲಸ ಇಲ್ಲೂ.

ಹೂವು ಕಾಣಲೇ ಇಲ್ಲ ಅಂತ ಕೆಲವರು ಗಾಬರಿಯಾಗುತ್ತಾರೆ. ಅಂಜೂರದ ಹೂವು ಕಾಯಿಯ ಒಳಗೇ ಇರುತ್ತದೆ. ಅತ್ತಿ, ಆಲ, ಅರಳಿ ಎಲ್ಲ ಇದೇ ಕುಲ. ಅತ್ತಿ ಹಣ್ಣು ಬಿಚ್ಚಿದರೆ ಹುಳ ಅನ್ನುವ ಮಾತಿದೆ. ಆ ಹುಳಗಳೇ ಅತ್ತಿಯ ಒಳಗಿನ ಹೂವಿಗೆ ಪರಾಗ ತರುವ ಪುಟ್ಟ ಕಣಜಗಳು. ನಾವು ಬೆಳೆಸುವ ಅಂಜೂರದ ತಳಿಗಳಿಗೆ ಆ ಕಣಜ ಬೇಡ. ಪರಾಗ ಇಲ್ಲದೆಯೂ ಹಣ್ಣಾಗುತ್ತವೆ.

ಅಕ್ಟೋಬರೋ, ಏಪ್ರಿಲ್ಲೋ?

ನಾನು ತಪ್ಪು ಮಾಡಿ ಕಲಿತದ್ದು ಇಲ್ಲೇ. ಮೊದಲ ಸಲ ಸವರಿದ್ದು ಏಪ್ರಿಲ್ ಕೊನೆಯಲ್ಲಿ. ಬೇಸಿಗೆ ರಜೆ, ಕೈ ಖಾಲಿ ಇತ್ತು, ಸವರಿಬಿಟ್ಟೆ. ಗಿಡ ಚೆನ್ನಾಗಿಯೇ ಚಿಗುರಿತು, ಕಾಯಿಯೂ ಜಾಸ್ತಿ ಬಂತು. ಅವು ಹಣ್ಣಾಗಿದ್ದು ಆಗಸ್ಟ್ ಕೊನೆಗೆ, ಸೆಪ್ಟೆಂಬರಿಗೆ. ಮಳೆ ಹಿಡಿದ ಹೊತ್ತು. ಹಣ್ಣು ನೀರು ನೀರು, ಸಿಪ್ಪೆ ಒಡೆದು ಒಳಗೆ ಹುಳಿ ವಾಸನೆ. ಎಲೆಯ ಕೆಳಗೆ ಅರಿಸಿನ ಬಣ್ಣದ ಪುಡಿ ಕೂತು, ಎಲೆಗಳು ಒಂದೊಂದಾಗಿ ಉದುರಿದವು. ಅದು ತುಕ್ಕು ರೋಗ, ತೇವ ಇದ್ದಾಗ ಅದಕ್ಕೆ ಹಬ್ಬ. ಎರಡು ಬುಟ್ಟಿ ಹಣ್ಣು ಕಿತ್ತು ದನದ ಮುಂದೆ ಸುರಿದೆವು. ನಮ್ಮ ಅಮ್ಮ ಆ ಗಿಡ ಕಡಿಯಿರಿ ಅಂದೇಬಿಟ್ಟರು.

ಮುಂದಿನ ವರ್ಷ ಅದೇ ಗಿಡವನ್ನು ಅಕ್ಟೋಬರಿನಲ್ಲಿ, ಚಿತ್ತೆ ಮಳೆ ಮುಗಿಯುವ ಹೊತ್ತಿಗೆ ಸವರಿದೆ. ಎರಡು ಮೂರು ವಾರಕ್ಕೆ ಕಣ್ಣು, ಅಂದರೆ ಕಡ್ಡಿಯ ಮೇಲಿನ ಚಿಗುರು ಮೊಗ್ಗು, ಒಡೆಯಿತು. ಇನ್ನೊಂದು ತಿಂಗಳಿಗೆ ಎಲೆಗಳ ಕಂಕುಳಲ್ಲಿ ಬಟಾಣಿ ಗಾತ್ರದ ಕಾಯಿ. ಚಳಿಗಾಲವಿಡೀ ನಿಧಾನವಾಗಿ ಬಲಿತು, ಮಾರ್ಚಿಯಲ್ಲಿ ಮೊದಲ ಹಣ್ಣು. ಅಮ್ಮನೇ ಮೊದಲು ತಿಂದಿದ್ದು. ಗಿಡ ಕಡಿಯುವ ಮಾತು ಅಲ್ಲಿಗೆ ನಿಂತಿತು.

ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತು (ಜಿಐ), ಅಂದರೆ ಆ ಊರಿನದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಮಾನ್ಯತೆ, ಸಿಕ್ಕಿದೆ. ಆ ಕಡೆಯ ರೈತರು ಎರಡು ಫಸಲಿಗೆ ಎರಡು ಹೆಸರಿಟ್ಟಿದ್ದಾರೆ. ಬೇಸಿಗೆಗೆ ಬರುವುದು 'ಮೀಠಾ ಬಹಾರ್', ಮಳೆಗಾಲಕ್ಕೆ ಬರುವುದು 'ಖಟ್ಟಾ ಬಹಾರ್'. ಒಂದು ಸಿಹಿ, ಒಂದು ಹುಳಿ. ನಾನು ಒಂದು ವರ್ಷ ಕಳೆದುಕೊಂಡು ಕಲಿತದ್ದು ಆ ಎರಡು ಹೆಸರಿನಲ್ಲೇ ಇತ್ತು.

ಹಾಗಾಗಿ ಬಯಲುಸೀಮೆಯವರಿಗೆ ನನ್ನ ಮಾತು ಒಂದೇ: ಅಕ್ಟೋಬರ್. ಸವರಿದ ದಿನದಿಂದ ಹಣ್ಣು ಕೀಳಲು ಸುಮಾರು ಐದು ತಿಂಗಳು ಇಟ್ಟುಕೊಳ್ಳಿ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ಏಪ್ರಿಲ್‌ ಬಿಸಿಲು ಜೋರು, ನಲವತ್ತು ಡಿಗ್ರಿ ಮುಟ್ಟಿದರೆ ಹಣ್ಣು ಒಣಕಲಾಗುತ್ತದೆ. ಅಲ್ಲಿ ಸ್ವಲ್ಪ ಮುಂಚೆ, ಸೆಪ್ಟೆಂಬರ್ ಕೊನೆಗೇ ಸವರಿದರೆ ಒಳ್ಳೆಯದು. ಕೋಲಾರ, ಬೆಂಗಳೂರಿನ ಕಡೆ ಹಿಂಗಾರು ನವೆಂಬರ್‌ವರೆಗೂ ಎಳೆಯುತ್ತದೆ. ಅಲ್ಲಿನವರು ಅಕ್ಟೋಬರ್ ಕೊನೆಯವರೆಗೆ ಕಾದರೂ ನಷ್ಟವಿಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ನೆಲದಲ್ಲಿ ನೆಟ್ಟು ಫಸಲು ತೆಗೆಯುವುದು ಕಷ್ಟ. ಆಸೆ ಇದ್ದರೆ ಕುಂಡದಲ್ಲಿ ಬೆಳೆಸಿ, ಮಳೆಗಾಲಕ್ಕೆ ಮಾಡಿನ ಕೆಳಗೆ ಇಡಿ.

ಸವರುವ ಮುಂಚೆ ಮೂರು ವಾರ ನೀರು ನಿಲ್ಲಿಸಿ. ಎಲೆ ಹಳದಿಯಾಗಿ ಉದುರಲಿ, ಗಿಡ ಸ್ವಲ್ಪ ಮಲಗಲಿ. ಆಮೇಲೆ ಸವರಿ, ಗೊಬ್ಬರ ಕೊಟ್ಟು, ನೀರು ಬಿಟ್ಟರೆ ಎಲ್ಲ ಕಣ್ಣುಗಳೂ ಒಟ್ಟಿಗೆ ಏಳುತ್ತವೆ. ಮಳೆ ಬಿಡದೇ ಇದ್ದರೆ ಪಾತಿಯ ಮಣ್ಣು ಸರಿಸಿ, ಬುಡ ಆರಲು ಬಿಡಿ.

ಹಗುರವಾಗಿಯೋ, ಗಟ್ಟಿಯಾಗಿಯೋ, ಗಾಯ ಮಾಡಿಯೋ?

ನಮ್ಮ ಎರಡು ಗಿಡಗಳ ಕಥೆ ಇಲ್ಲಿಗೆ ಬರುತ್ತದೆ. ನಾಲ್ಕು ವರ್ಷ ಬಾವಿ ಗಿಡವನ್ನು ಗಟ್ಟಿಯಾಗಿ ಸವರಿದೆ, ಕೊಟ್ಟಿಗೆ ಗಿಡಕ್ಕೆ ಬರೀ ತುದಿ ಕತ್ತರಿಸಿದೆ. ಬೇಕೆಂದೇ ಮಾಡಿದ್ದು, ಕಣ್ಣಾರೆ ನೋಡಬೇಕು ಅಂತ.

ಹಗುರವಾಗಿ ಸವರಿದರೆ ಮೊದಲೆರಡು ವರ್ಷ ಲಾಭ ಕಾಣುತ್ತದೆ. ಕೊಟ್ಟಿಗೆ ಗಿಡದಲ್ಲಿ ಕಾಯಿ ಜಾಸ್ತಿ ಬಂತು. ಹಳೆ ಕಡ್ಡಿ ಉಳಿದಿದ್ದರಿಂದ ಅದರ ಮೇಲಿನ ಕಾಯಿಯೂ ಸೇರಿತು, ಮೊದಲ ಹಣ್ಣು ಎರಡು ವಾರ ಬೇಗ ಸಿಕ್ಕಿತು. ಮೂರನೇ ವರ್ಷಕ್ಕೆ ಚಿಗುರೆಲ್ಲ ತುದಿಗೆ ಓಡಿತು. ಕೊಂಬೆಯ ನಡುಭಾಗ ಬೋಳು. ಹಣ್ಣು ಸಣ್ಣದಾಗುತ್ತಾ ಬಂತು, ಎತ್ತರಕ್ಕೆ ಏಣಿ ಬೇಕಾಯಿತು. ಅಂಜೂರದ ಕೊಂಬೆ ಮೆದು, ಏಣಿ ಒರಗಿಸಿದರೆ ಮುರಿಯುತ್ತದೆ.

ಗಟ್ಟಿಯಾಗಿ ಸವರುವುದು ಅಂದರೆ ಹೋದ ವರ್ಷ ಬೆಳೆದ ಪ್ರತಿ ಕಡ್ಡಿಯಲ್ಲೂ ಮೂರು ನಾಲ್ಕು ಗೆಣ್ಣು ಬಿಟ್ಟು ಉಳಿದದ್ದು ತೆಗೆಯುವುದು. ಸವರಿದ ದಿನ ಗಿಡ ನೋಡಿದರೆ ಹೊಟ್ಟೆ ಉರಿಯುತ್ತದೆ, ಕೋಲುಗಳು ಮಾತ್ರ ನಿಂತಿರುತ್ತವೆ. ಬಾವಿ ಗಿಡದಲ್ಲಿ ಮೊದಲ ವರ್ಷ ಕಾಯಿ ಕಡಿಮೆಯೇ ಬಂತು. ಆದರೆ ಒಂದೊಂದು ಹಣ್ಣೂ ದಪ್ಪ. ಎರಡನೇ ವರ್ಷಕ್ಕೆ ನಾಲ್ಕು ಮುಖ್ಯ ಕೊಂಬೆಗಳಿಂದ ಇಪ್ಪತ್ತರ ಮೇಲೆ ಒಳ್ಳೆಯ ಚಿಗುರುಗಳಾದವು. ಒಂದೊಂದರಲ್ಲೂ ಎಂಟು ಹತ್ತು ಹಣ್ಣು. ಎಲ್ಲ ಕೈಗೆಟುಕುವ ಹಾಗೆ, ಬಲೆ ಹಾಕಲೂ ಸುಲಭ.

ಮೂರನೆಯ ದಾರಿ ಕಣ್ಣಿನ ಮೇಲೆ ಗಾಯ ಮಾಡುವುದು. ಮಹಾರಾಷ್ಟ್ರದ ತೋಟಗಳಲ್ಲಿ ಇದು ರೂಢಿ. ಎಂಟು ತಿಂಗಳು ಬಲಿತ, ನೆಟ್ಟಗೆ ಏಳುವ ಕೊಂಬೆ ನಡುವೆ ಚಿಗುರದೆ ಬೋಳಾಗಿದ್ದರೆ, ಮಲಗಿರುವ ಒಂದು ಕಣ್ಣಿನ ಸ್ವಲ್ಪ ಮೇಲೆ ಚೂಪು ಚಾಕುವಿನಿಂದ ತೊಗಟೆಯ ಒಂದು ಚೂರು ತೆಗೆಯುತ್ತಾರೆ. ತುದಿಯಿಂದ ಕೆಳಗಿಳಿದು ಕಣ್ಣನ್ನು ಮಲಗಿಸುವ ರಸ ಅಲ್ಲಿಗೆ ತಡೆಯುತ್ತದೆ, ಕಣ್ಣು ಎಚ್ಚರಾಗುತ್ತದೆ. ಕೊಂಬೆ ಕತ್ತರಿಸದೆಯೇ ಪಕ್ಕದ ಚಿಗುರು ಬರುತ್ತದೆ. ಕೊಟ್ಟಿಗೆ ಗಿಡದ ಬೋಳು ಕೊಂಬೆಗಳಿಗೆ ನಾನು ಹೀಗೇ ಮಾಡಿದೆ. ಹತ್ತು ಗಾಯದಲ್ಲಿ ಆರು ಚಿಗುರಿದವು. ಆದರೆ ಇದು ತಾಳ್ಮೆಯ ಕೆಲಸ. ನೂರಾರು ಗಿಡ ಇರುವವರು ಆಳು ಸಿಕ್ಕರೆ ಮಾಡಲಿ. ಮನೆಯಲ್ಲಿ ಒಂದೆರಡು ಗಿಡ ಇರುವವರು ಬೋಳಾದ ಕೊಂಬೆಗೆ ಮಾತ್ರ ಮಾಡಿದರೆ ಸಾಕು.

ನನ್ನ ಆಯ್ಕೆ ಗಟ್ಟಿ ಸವರುವಿಕೆ. ಗಿಡ ಎರಡು ವರ್ಷ ತುಂಬಿದ ಮೇಲೆ, ಪ್ರತಿ ವರ್ಷ. ಆದರೆ ಸವರಿ ಕೈತೊಳೆದುಕೊಂಡರೆ ಅರ್ಧ ಕೆಲಸ ಅಷ್ಟೇ. ಪ್ರತಿ ಕಡ್ಡಿಯಿಂದ ಮೂರು ನಾಲ್ಕು ಚಿಗುರು ಒಟ್ಟಿಗೆ ಬರುತ್ತವೆ. ಅವು ಬೆರಳುದ್ದ ಆದಾಗ ಹೊರಮುಖವಾಗಿರುವ ಎರಡನ್ನು ಉಳಿಸಿ, ಒಳಗೆ ನುಗ್ಗುವುದನ್ನು ಉಗುರಿನಿಂದಲೇ ಚಿವುಟಿ. ನಾನು ಒಂದು ವರ್ಷ ಇದನ್ನು ಬಿಟ್ಟೆ. ಗಿಡ ಪೊದೆಯಾಗಿ, ಒಳಗೆ ಬಿಸಿಲು ಬೀಳದೆ, ಕಾಯಿಗಳು ಹಸಿರಾಗೇ ಉಳಿದುಬಿಟ್ಟವು.

ಸವರುವಾಗ ತುಂಬು ತೋಳಿನ ಅಂಗಿ ಹಾಕಿ. ಕತ್ತರಿ ಇಟ್ಟ ಕೂಡಲೇ ಬಿಳಿ ಹಾಲು ಜಿನುಗಿ, ಕಡ್ಡಿಯಗುಂಟ ಇಳಿದು ಮಣಿಕಟ್ಟಿಗೆ ಬರುತ್ತದೆ. ಆಗ ಏನೂ ಅನ್ನಿಸುವುದಿಲ್ಲ. ಸಂಜೆಗೆ ಉರಿ, ಕೆಲವರಿಗೆ ಬಿಸಿಲು ತಾಗಿದರೆ ಗುಳ್ಳೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೆಲಸಕ್ಕೆ ಇಳಿದರೆ ಹಾಲು ಅಂಟುವುದು ಕಡಿಮೆ. ಕತ್ತರಿಸುವಾಗ ಹೊರಮುಖದ ಕಣ್ಣಿನ ಸ್ವಲ್ಪ ಮೇಲೆ, ನೀರು ಜಾರುವ ಹಾಗೆ ಓರೆಯಾಗಿ ಕತ್ತರಿಸಿ. ಹೆಬ್ಬೆರಳಿಗಿಂತ ದಪ್ಪ ಇರುವ ಗಾಯಕ್ಕೆಲ್ಲ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿ.

ಒಂದೇ ಬೊಡ್ಡೆಯೋ, ಪೊದೆಯೋ?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರಲ್ಲ, ಅಂಜೂರಕ್ಕೆ ಅದು ಅಕ್ಷರಶಃ ನಿಜ. ನೆಟ್ಟ ಮೊದಲ ವರ್ಷವೇ ಆಕಾರ ತೀರ್ಮಾನಿಸಬೇಕು. ಒಂದೇ ಬೊಡ್ಡೆ ಇಟ್ಟು, ಸೊಂಟದ ಎತ್ತರಕ್ಕೆ ತುದಿ ಕತ್ತರಿಸಿ, ಸುತ್ತಲೂ ಮೂರು ನಾಲ್ಕು ಕೊಂಬೆ ಬಿಟ್ಟು, ನಡುವೆ ಖಾಲಿ ಇಟ್ಟರೆ ಬಟ್ಟಲಿನ ಆಕಾರ. ಬುಡದಿಂದಲೇ ಮೂರು ನಾಲ್ಕು ಬೊಡ್ಡೆ ಏಳಲು ಬಿಟ್ಟರೆ ಪೊದೆ.

ಬಟ್ಟಲಿನಲ್ಲಿ ಗಾಳಿ, ಬಿಸಿಲು ಚೆನ್ನಾಗಿ ಆಡುತ್ತದೆ. ಬುಡ ಹಸನಾಗಿರುತ್ತದೆ, ಕಳೆ ತೆಗೆಯುವುದು, ಗೊಬ್ಬರ ಹಾಕುವುದು ಸಲೀಸು. ಪೊದೆಯ ಒಂದೇ ದೊಡ್ಡ ಅನುಕೂಲ ಕಾಂಡ ಕೊರಕದ ವಿಷಯದಲ್ಲಿ. ಆ ಹುಳ ಬೊಡ್ಡೆಯೊಳಗೆ ಸುರಂಗ ಕೊರೆದರೆ ಒಂದೇ ಬೊಡ್ಡೆಯ ಗಿಡ ಪೂರ್ತಿ ಹೋಗಬಹುದು. ಪೊದೆಯಲ್ಲಿ ಒಂದು ಬೊಡ್ಡೆ ಹೋದರೆ ಉಳಿದವು ಇರುತ್ತವೆ. ಆದರೂ ನಾನು ಬಟ್ಟಲನ್ನೇ ಆರಿಸುತ್ತೇನೆ, ಬೊಡ್ಡೆಯನ್ನು ತಿಂಗಳಿಗೊಮ್ಮೆ ಸುತ್ತ ನೋಡುತ್ತೇನೆ. ಬುಡದಲ್ಲಿ ಮರದ ಹೊಟ್ಟು ಬಿದ್ದಿದ್ದರೆ ಮೇಲೆ ತೂತು ಹುಡುಕಿ, ತಂತಿ ತೂರಿಸಿ ಹುಳ ಕೊಲ್ಲಿ, ಹಸಿಮಣ್ಣು ಮೆತ್ತಿ.

ಕಡ್ಡಿ, ಗೂಟಿ, ಅತ್ತಿ ಕಸಿ

ಮೊದಲು ಬೀಜದ ಮಾತು ಮುಗಿಸುತ್ತೇನೆ. ಅಂಗಡಿಯ ಒಣ ಅಂಜೂರದಿಂದ ಬೀಜ ತೆಗೆದು ಹಾಕಿದರೆ ಸಸಿ ಬರಬಹುದು. ಆದರೆ ಸುಮಾರು ಅರ್ಧದಷ್ಟು ಗಂಡು ಗಿಡಗಳಾಗುತ್ತವೆ, ಅವುಗಳ ಕಾಯಿ ತಿನ್ನಲು ಬರುವುದಿಲ್ಲ. ಉಳಿದವುಗಳಲ್ಲೂ ಹೆಚ್ಚಿನವಕ್ಕೆ ಆ ಪರಾಗದ ಕಣಜ ಬೇಕು. ಅಂಜೂರದ ಕಣಜ ನಮ್ಮ ಹಿತ್ತಲಲ್ಲಿ ಸಿಗುವುದಿಲ್ಲ, ಅತ್ತಿಯ ಕಣಜ ಇದಕ್ಕೆ ಆಗುವುದಿಲ್ಲ. ಕಾಯಿ ಹಿಡಿದು ಹಿಡಿದು ಉದುರುತ್ತವೆ. ನಾಲ್ಕು ವರ್ಷ ಸಾಕಿ ಬೇಜಾರು ಪಟ್ಟವರನ್ನು ನೋಡಿದ್ದೇನೆ. ದಯವಿಟ್ಟು ಬೀಜ ಹಾಕಬೇಡಿ.

ಎಲ್ಲಕ್ಕಿಂತ ಅಗ್ಗ ಕಡ್ಡಿ. ಅಕ್ಟೋಬರಿನಲ್ಲಿ ಸವರಿದಾಗ ಬುಟ್ಟಿಗಟ್ಟಲೆ ಸಿಗುತ್ತದೆ. ಪೆನ್ಸಿಲಿಗಿಂತ ದಪ್ಪ ಇರುವ, ಬಲಿತ ಕಡ್ಡಿಯನ್ನು ಒಂದು ಗೇಣುದ್ದ ಕತ್ತರಿಸಿ, ಮೂರು ನಾಲ್ಕು ಗೆಣ್ಣು ಇರಲಿ. ಹಾಲು ಆರಲು ಒಂದು ದಿನ ನೆರಳಲ್ಲಿಟ್ಟು, ಮರಳು ಬೆರೆಸಿದ ಮಣ್ಣಿನೊಳಗೆ ಕಡ್ಡಿಯ ಮೂರನೇ ಎರಡು ಭಾಗ ಹೋಗುವ ಹಾಗೆ ನೆಡಿ. ಗೂಟಿ ಅಂದರೆ ಗಿಡದಲ್ಲಿರುವ ಕೊಂಬೆಗೇ ತೊಗಟೆ ಸುಲಿದು, ಒದ್ದೆ ಪಾಚಿ ಕಟ್ಟಿ ಬೇರು ಬರಿಸುವುದು. ಗೂಟಿ ಕಟ್ಟಿದರೆ ಬೇರು ಬಿಟ್ಟ ದೊಡ್ಡ ಗಿಡವೇ ಕೈಗೆ ಬರುತ್ತದೆ, ಹಣ್ಣೂ ಸ್ವಲ್ಪ ಬೇಗ. ಒಂದೆರಡು ಗಿಡ ಸಾಕು ಅನ್ನುವವರಿಗೆ ಗೂಟಿ ವಾಸಿ.

ಅತ್ತಿ ಬೇರಿನ ಮೇಲೆ ಅಂಜೂರ ಕಸಿ ಮಾಡಿದ ಗಿಡಗಳೂ ಸಿಗುತ್ತವೆ. ಇದು ಬೇರಿಗೆ ಗಂಟು ಕಟ್ಟಿಸುವ ಜಂತುಹುಳುವಿನ (ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಹುಳ) ಕಾಟ ಇರುವ ನೆಲಕ್ಕೆ. ಹಿಂದೆ ಟೊಮ್ಯಾಟೊ, ಬದನೆ ಬೆಳೆದು ಬೇರಲ್ಲಿ ಗಂಟು ಕಟ್ಟಿದ್ದು ನೋಡಿದ್ದರೆ ಕಸಿ ಗಿಡಕ್ಕೆ ಹೆಚ್ಚು ಹಣ ಕೊಟ್ಟರೂ ಸರಿ. ಹೊಸ ನೆಲಕ್ಕೆ ಸುಮ್ನೆ ಖರ್ಚು. ಕಸಿ ಗಿಡ ತಂದರೆ ಬುಡದಿಂದ ಅತ್ತಿಯ ಚಿಗುರು ಬಂದಾಗಲೆಲ್ಲ ಕಿತ್ತು ಹಾಕಬೇಕು. ಗುರುತು ಸುಲಭ: ಅತ್ತಿ ಎಲೆ ಉದ್ದಕ್ಕೆ, ಸೀಳಿಲ್ಲದೆ ಇರುತ್ತದೆ. ಅಂಜೂರದ ಎಲೆ ಬೆರಳು ಬಿಡಿಸಿದ ಅಂಗೈ.

ತಳಿ

ಪುಣೆ ಅಂಜೂರ ಗಂಟೆಯಾಕಾರದ ಮಧ್ಯಮ ಹಣ್ಣು. ತೆಳು ಸಿಪ್ಪೆ, ನೇರಳೆ ಬೆರೆತ ಕಂದು ಬಣ್ಣ, ಒಳಗೆ ಕೆಂಪು. ತಿನ್ನಲು ನನಗೆ ಇದೇ ಇಷ್ಟ, ಆದರೆ ದೂರ ಸಾಗಿಸಲು ಆಗದು. ಬಳ್ಳಾರಿ ತಳಿ ಹೆಚ್ಚು ಕಡಿಮೆ ಇದರ ನೆಂಟ, ಒಣ ಹವೆಗೆ ಒಗ್ಗಿದ್ದು. ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೂ ಹಳೆಯ ಹೆಸರಿದೆ, ಸಿಕ್ಕರೆ ಬಿಡಬೇಡಿ. ಡಯಾನಾ ತಳಿಯ ಹಣ್ಣು ದೊಡ್ಡದು, ಹಸಿರು ಬೆರೆತ ಹೊನ್ನಿನ ಬಣ್ಣ. ಮಾರಲು ಬೆಳೆಯುವವರಿಗೆ ಗಾತ್ರದಿಂದಾಗಿ ಇದು ಒಳ್ಳೆಯದು. ಬ್ರೌನ್ ಟರ್ಕಿ ಎಷ್ಟು ಗಟ್ಟಿಯಾಗಿ ಸವರಿದರೂ ಹೊಸ ಚಿಗುರಲ್ಲಿ ಕಾಯಿ ಬಿಡುವ ತಳಿ, ಕುಂಡಕ್ಕೆ ಹೇಳಿ ಮಾಡಿಸಿದ್ದು.

ನರ್ಸರಿಯ ಚೀಟಿಯನ್ನು ಪೂರ್ತಿ ನಂಬಬೇಡಿ. ಹಣ್ಣು ತಿಂದು ಮೆಚ್ಚಿದ ಗಿಡದಿಂದ ಕಡ್ಡಿ ಕೇಳಿ ತರುವುದು ಎಲ್ಲಕ್ಕಿಂತ ಖಾತ್ರಿ.

ನೆಲವೋ, ಡ್ರಮ್ಮೋ?

ಬೆಂಗಳೂರಲ್ಲಿರುವ ನಮ್ಮ ಅಕ್ಕ ತಾರಸಿಯ ಮೇಲೆ ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ಬ್ರೌನ್ ಟರ್ಕಿ ಬೆಳೆಸಿದ್ದಾಳೆ. ಸುಮಾರು ನೂರು ಲೀಟರ್ ಹಿಡಿಯುವ ಡ್ರಮ್. ವರ್ಷಕ್ಕೆ ನಲವತ್ತು ಐವತ್ತು ಹಣ್ಣು ಸಿಗುತ್ತದೆ, ಅಷ್ಟೇ. ಆದರೆ ಒಂದನ್ನೂ ಹಕ್ಕಿಗೆ ಬಿಟ್ಟುಕೊಡುವುದಿಲ್ಲ, ಒಂದೊಂದಕ್ಕೂ ಸೊಳ್ಳೆಪರದೆಯ ಚೀಲ ಕಟ್ಟುತ್ತಾಳೆ. ಡ್ರಮ್ಮಿನ ಗಿಡಕ್ಕೆ ಬೇರು ಇಕ್ಕಟ್ಟು ಆಗುವುದರಿಂದ ಗಿಡ ಚಿಕ್ಕದಾಗೇ ಉಳಿದು ಬೇಗ ಕಾಯಿ ಕಟ್ಟುತ್ತದೆ. ಚಿಗುರಲ್ಲಿ ಐದಾರು ಎಲೆ ಆದ ಮೇಲೆ ಅವಳು ಕುಡಿ ಚಿವುಟುತ್ತಾಳೆ, ಅದರಿಂದ ಕಾಯಿ ಬೇಗ ಮೂಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಗಿಡ ಹೊರತೆಗೆದು ಸುತ್ತಿಕೊಂಡ ಬೇರು ಕತ್ತರಿಸಿ, ಮಣ್ಣು ಬದಲಿಸಬೇಕು. ಬೇಸಿಗೆಯಲ್ಲಿ ಎರಡು ದಿನ ಊರಿಗೆ ಬಂದರೂ ಅವಳಿಗೆ ನೀರಿನದೇ ಚಿಂತೆ.

ನೆಲದ ಗಿಡಕ್ಕೆ ಆ ಚಿಂತೆ ಕಡಿಮೆ. ಕಲ್ಲು ಬೆರೆತ ಕೆಂಪು ಮಣ್ಣು, ಸುಣ್ಣದ ಅಂಶ ಇರುವ ಮಣ್ಣು, ಸ್ವಲ್ಪ ಸವುಳು ನೀರು, ಎಲ್ಲವನ್ನೂ ತಡೆಯುತ್ತದೆ. ತಡೆಯದಿರುವುದು ಬುಡದಲ್ಲಿ ನೀರು ನಿಲ್ಲುವುದನ್ನು. ಎರೆ ಮಣ್ಣಾದರೆ ಏರು ಮಡಿ ಮಾಡಿ ನೆಡಿ. ಗಿಡದಿಂದ ಗಿಡಕ್ಕೆ ಐದು ಮೀಟರ್ ಬಿಟ್ಟರೆ ಎಕರೆಗೆ 160 ಗಿಡ ಹಿಡಿಯುತ್ತದೆ. ಗಟ್ಟಿಯಾಗಿ ಸವರುವ ಛಲ ಇದ್ದರೆ ನಾಲ್ಕು ಮೀಟರಿಗೂ ನೆಡಬಹುದು.

ಗೊಬ್ಬರ, ನೀರು, ಕೊಯ್ಲು

ಸವರಿದ ಮೇಲೆ ಗಿಡಕ್ಕೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ, ಒಂದು ಕೆಜಿ ಬೇವಿನ ಹಿಂಡಿ ಕೊಡುತ್ತೇನೆ. ಯೂರಿಯಾ ಕೈತುಂಬ ಸುರಿದರೆ ಎಲೆ ಕೆಸುವಿನ ಹಾಗೆ ಅಗಲವಾಗುತ್ತದೆ, ಕಾಯಿ ಮಾತ್ರ ಬರುವುದಿಲ್ಲ. ನೀರಿನಲ್ಲಿ ಒಂದೇ ನಿಯಮ: ಕಾಯಿ ಹಿಡಿದ ಮೇಲೆ ಏರುಪೇರು ಬೇಡ. ಹದಿನೈದು ದಿನ ಒಣಗಿಸಿ ಒಮ್ಮೆಲೇ ಪಾತಿ ತುಂಬಿಸಿದರೆ ಹಣ್ಣು ಬಾಯಿ ಬಿಡುತ್ತದೆ. ಡ್ರಿಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬುಡಕ್ಕೆ ಕಡಲೆ ಹೊಟ್ಟೋ ಒಣಹುಲ್ಲೋ ಹೊದಿಸಿ, ಸ್ವಲ್ಪ ಸ್ವಲ್ಪವಾಗಿ ಕೊಡಿ.

ಹಸಿರು ಕಾಯಿ ಕಿತ್ತು ಅಕ್ಕಿ ಡಬ್ಬಿಯಲ್ಲಿಟ್ಟು ಹಣ್ಣು ಮಾಡುತ್ತೇನೆ ಅಂದರೆ ಅಂಜೂರದಲ್ಲಿ ಅದು ನಡೆಯದು. ಮೆತ್ತಗಾದರೂ ಸಿಹಿ ಏರುವುದಿಲ್ಲ. ಗಿಡದಲ್ಲೇ ಮಾಗಬೇಕು. ಕಾಯಿ ಇರುವಾಗ ತೊಟ್ಟಿನ ಮೇಲೆ ಸೆಟೆದು ನಿಂತಿರುತ್ತದೆ. ಮಾಗಿದ ದಿನ ಕತ್ತು ಬಗ್ಗಿಸಿ ತಲೆ ಕೆಳಗೆ ಹಾಕುತ್ತದೆ. ಸಿಪ್ಪೆಯಲ್ಲಿ ಸಣ್ಣ ಬಿಳಿ ಗೀರುಗಳು ಕಾಣುತ್ತವೆ, ಹಣ್ಣಿನ ತುದಿಯ ಸಣ್ಣ ತೂತಿನಲ್ಲಿ ಕೆಲವೊಮ್ಮೆ ಜೇನಿನಂಥ ಒಂದು ಹನಿ. ತೊಟ್ಟು ಮುರಿದಾಗ ಬಿಳಿ ಹಾಲು ಬಂದರೆ ಇನ್ನೂ ಒಂದು ದಿನ ಕಾಯಬೇಕಿತ್ತು ಅಂತ ಅರ್ಥ.

ಮಾರ್ಚಿಯಲ್ಲಿ ನಾನು ಏಳೋದು ಬೆಳಗಿನ ಐದೂವರೆಗೆ. ಪಿಕಳಾರ ಬರುವ ಮುಂಚೆ ಬಾವಿ ಗಿಡದ ಸುತ್ತ ಒಂದು ಸುತ್ತು ಹಾಕಬೇಕು. ಕತ್ತು ಬಗ್ಗಿದ ಹಣ್ಣುಗಳನ್ನು ತೊಟ್ಟು ಸಮೇತ ತಿರುಚಿ ಕಿತ್ತು, ಬುಟ್ಟಿಗೆ ಅಂಜೂರದ ಎಲೆ ಹಾಸಿ, ಒಂದೇ ಪದರವಾಗಿ ಜೋಡಿಸುತ್ತೇನೆ. ಒಂದರ ಮೇಲೊಂದು ಇಟ್ಟರೆ ಮಧ್ಯಾಹ್ನಕ್ಕೆ ಕೆಳಗಿನವು ಪಚಡಿ. ಮನೆಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಎಂಟು ಗಂಟೆಯ ಬಸ್ಸಿಗೆ ಮೊದಲೇ ಅಕ್ಕಪಕ್ಕದ ಮನೆಗಳಿಗೆ ಮುಟ್ಟಿಸುತ್ತೇವೆ.